ವಿದೇಶೀಯರು ಕಂಡ ಮಹಾನವಮಿಯ ಪ್ರಾತಃಕಾಲ

ಕನ್ನಡನಾಡಿನಲ್ಲಿ ನಾಡಹಬ್ಬವೆಂಬ ಹೆಸರು ಶರನ್ನವರಾತ್ರದ ಉತ್ಸವಕ್ಕೆ ಸಂದಿದೆ. ಆಶ್ವಯುಜ ಶುದ್ಧ ಪ್ರತಿಪತ್ತಿನಿಂದ ನವಮಿಯವರೆಗೆ ದೇವೀಪೂಜೆ, ದಶಮಿಯಂದು ವಿಜಯಯಾತ್ರೆ, ಹೀಗೆ ಹತ್ತು ದಿನಗಳ ಈ ಹಬ್ಬವು ಮನೆಗೂ ಮಠಕ್ಕೂ ಅರಮನೆಗೂ ಸಮಾನವಾದುದು. ಆದರೆ ಅದು ರಾಜ್ಯದ ಹಬ್ಬವಾಗಿ ಪೂರ್ಣವಾದ ರೂಪವನ್ನು ತಳೆದು ಲೋಕವಿಖ್ಯಾತವಾದದ್ದು ವಿಜಯನಗರದಲ್ಲಿ. ಅಲ್ಲಿನ ಮಹಾನವಮಿಯನ್ನು ಕಣ್ಣಾರೆ ಕಂಡು ಬರೆದಿಟ್ಟವರಲ್ಲಿ ವಿದೇಶೀಯರೇ ಮುಖ್ಯರು. ಪಾರಸೀಕ ರಾಯಭಾರಿ, ಇಟಲಿಯ ವರ್ತಕ, ಪೋರ್ತುಗೀಸರು ಇಬ್ಬರು, ಇವರ ಬರವಣಿಗೆಗಳಿಲ್ಲದಿದ್ದರೆ ಆ ಉತ್ಸವದ ದಿನಚರಿಯು ಇಷ್ಟು ವಿವರವಾಗಿ ತಿಳಿಯುತ್ತಿರಲಿಲ್ಲ.

ಈ ಬರವಣಿಗೆಗಳನ್ನು ಪಾಠಶಾಲೆಗಳಲ್ಲಿ ಉದಾಹರಿಸುವ ಕ್ರಮವೊಂದುಂಟು. ರಾಜಧಾನಿಯ ಐಶ್ವರ್ಯ, ಅಂಗಡಿಬೀದಿಯ ರತ್ನರಾಶಿ, ರಾತ್ರಿಯ ದೀಪಗಳು, ಬಿರುಸುಬಾಣಗಳು, ಮಲ್ಲಯುದ್ಧ, ನರ್ತಕಿಯರ ಆಭರಣಗಳ ಭಾರ, ಇವುಗಳನ್ನು ಎತ್ತಿ ಹೇಳಿ, ನೋಡಿದಿರಾ ನಮ್ಮ ಪೂರ್ವಿಕರ ವೈಭವವನ್ನು ಎಂದು ಮುಗಿಸುವುದು. ಇವೆಲ್ಲ ಅಪರಾಹ್ಣದಿಂದ ರಾತ್ರಿಯವರೆಗೆ ನಡೆಯುತ್ತಿದ್ದ ವಿನೋದಗಳು. ಹಬ್ಬದ ಅರ್ಥವು ಅಡಗಿರುವುದು ಬೆಳಗಿನ ವಿಧಿಯಲ್ಲಿ. ಆ ಭಾಗವನ್ನು ಬಿಟ್ಟು ಓದಿದವರಿಗೆ ಮಹಾನವಮಿಯು ಅರಸನ ಆಡಂಬರವೆಂದು ತೋರುವುದು ಸಹಜ. ಹಾಗೆಯೇ ಅನೇಕ ಚರಿತ್ರಗ್ರಂಥಗಳು ಅದನ್ನು ಸಾಮಂತರಿಂದ ಕಪ್ಪವನ್ನು ಸ್ವೀಕರಿಸುವ ಒಡ್ಡೋಲಗವೆಂದು ಮಾತ್ರ ವರ್ಣಿಸಿರುವುವು. ಬೆಳಗಿನ ವರ್ಣನೆಯನ್ನು ಶಾಸ್ತ್ರಗ್ರಂಥಗಳೊಡನೆ ಸೇರಿಸಿ ಓದಿದರೆ ಈ ಅಭಿಪ್ರಾಯವು ಎಷ್ಟರ ಮಟ್ಟಿಗೆ ನಿಲ್ಲುವುದೆಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

೧. ಸಾಕ್ಷಿಗಳು

ಮೊದಲನೆಯವನು ಇಟಲಿಯ ವೆನಿಸ್ ರಾಜ್ಯದ ನಿಕೊಲೊ ಕೊಂತಿ. ಇವನು ಸುಮಾರು ಕ್ರಿ. ಶ. ೧೪೨೦ರಲ್ಲಿ ವಿಜಯನಗರವನ್ನು ಕಂಡನು. ಯೂರೋಪಿಗೆ ಹಿಂದಿರುಗಿದ ಮೇಲೆ ಇವನು ಹೇಳಿದುದನ್ನು ಪೋಪರ ಕಾರ್ಯದರ್ಶಿಯಾಗಿದ್ದ ಪೊಜ್ಜೊ ಬ್ರಾಚೊಲೀನಿ ಎಂಬ ವಿದ್ವಾಂಸನು ಲ್ಯಾಟಿನ್ ಭಾಷೆಯಲ್ಲಿ ಬರೆದಿಟ್ಟನು. ಆದುದರಿಂದ ಇದು ಒಬ್ಬನ ನೋಟ, ಇನ್ನೊಬ್ಬನ ಲೇಖನಿ. ಎರಡನೆಯವನು ತೈಮೂರನ ಮಗನಾದ ಷಾರುಖನ ರಾಯಭಾರಿ ಅಬ್ದುರ್ ರಜಾಕ್. ಇವನು ೧೪೪೩ರಲ್ಲಿ, ಇಮ್ಮಡಿ ದೇವರಾಯನ ಕಾಲದಲ್ಲಿ, ರಾಜಧಾನಿಯಲ್ಲಿ ಕೆಲವು ತಿಂಗಳು ಇದ್ದನು. ಮೂರನೆಯವನು ಡೊಮಿಂಗೊ ಪಾಯೆಸ್ ಎಂಬ ಪೋರ್ತುಗೀಸನು. ಕೃಷ್ಣದೇವರಾಯನ ಆಳ್ವಿಕೆಯಲ್ಲಿ, ೧೫೨೦ರ ಸುಮಾರಿಗೆ, ಕ್ರಿಸ್ತೊವಾವೊ ದ ಫಿಗೆರೆದೊ ಎಂಬವನ ಪರಿವಾರದೊಡನೆ ಬಂದವನು. ನಾಲ್ಕನೆಯವನು ಕುದುರೆಯ ವ್ಯಾಪಾರಿಯಾದ ಫೆರ್ನಾವೊ ನ್ಯೂನಿಜ್. ಇವನು ಬರೆದುದು ಅಚ್ಯುತರಾಯನ ಕಾಲದಲ್ಲಿ, ೧೫೩೫ರಿಂದ ೧೫೩೭ರ ಸುಮಾರಿಗೆ.

ಪೋರ್ತುಗೀಸರಿಬ್ಬರ ಬರಹಗಳ ಹಸ್ತಪ್ರತಿಯು ಪ್ಯಾರಿಸ್ ನಗರದ ರಾಷ್ಟ್ರೀಯ ಗ್ರಂಥಾಲಯದಲ್ಲಿದ್ದಿತು. ಅದನ್ನು ೧೮೯೭ರಲ್ಲಿ ಡೇವಿಡ್ ಲೋಪೆಸನು ಲಿಸ್ಬನ್ನಿನಲ್ಲಿ ಮುದ್ರಿಸಿದನು. ೧೯೦೦ರಲ್ಲಿ ರಾಬರ್ಟ್ ಸಿವೆಲನು ಅದನ್ನು ಇಂಗ್ಲಿಷಿಗೆ ಪರಿವರ್ತಿಸಿ ತನ್ನ ವಿಜಯನಗರ ಚರಿತ್ರೆಯಲ್ಲಿ ಸೇರಿಸಿದ ಮೇಲೆಯೇ ಕನ್ನಡಿಗರಿಗೆ ಈ ಸಾಕ್ಷ್ಯವು ದೊರೆತದ್ದು. ಈ ನಾಲ್ವರಲ್ಲಿ ಬೆಳಗಿನ ವಿಧಿಯನ್ನು ಕ್ರಮವರಿತು ಹೇಳಿದವನು ಪಾಯೆಸನೊಬ್ಬನೇ. ಆದುದರಿಂದ ಅವನ ಮಾತನ್ನು ಮುಖ್ಯವಾಗಿಟ್ಟುಕೊಂಡು ಉಳಿದವರನ್ನು ಪೋಷಕರಾಗಿ ಗ್ರಹಿಸಬೇಕು.

ಪಾಯೆಸನು ನಂಬಿಕೆಗೆ ಯೋಗ್ಯನೇ ಎಂಬುದಕ್ಕೆ ಪಂಚಾಂಗವೇ ಒಂದು ಪರೀಕ್ಷೆ. ಒಂಬತ್ತು ದಿನಗಳ ಹಬ್ಬವು ಸೆಪ್ಟೆಂಬರ್ ೧೨ರಂದು ಆರಂಭವಾಗುವುದೆಂದು ಅವನು ಹೇಳುತ್ತಾನೆ. ಆ ಕಾಲದ ಯೂರೋಪಿನ ಗಣನೆಯಂತೆ ೧೫೨೦ನೆಯ ಸೆಪ್ಟೆಂಬರ್ ೧೨ರಂದೇ ಭಾದ್ರಪದದ ಅಮಾವಾಸ್ಯೆಯು ಮುಗಿದು ಆಶ್ವಯುಜದ ಪಾಡ್ಯವು ತೊಡಗುತ್ತದೆ. ನಮ್ಮ ತಿಥಿಗಳನ್ನರಿಯದ ಪರದೇಶಿಯು ತನ್ನ ನಾಡಿನ ದಿನಗಣನೆಯಲ್ಲಿ ಬರೆದಿಟ್ಟ ತಾರೀಖು ನಮ್ಮ ತಿಥಿಗೆ ಹೀಗೆ ಸರಿಹೊಂದುವುದರಿಂದ, ಅವನು ಕಂಡುದನ್ನೇ ಬರೆದನೆಂಬುದು ಸಿದ್ಧವಾಗುತ್ತದೆ.

೨. ಬೆಳಗಿನ ವಿಧಿಯ ಕ್ರಮ

ಅರಮನೆಯ ಬಾಗಿಲುಗಳಲ್ಲಿ ಬೆತ್ತ ಚಾವಟಿಗಳನ್ನು ಹಿಡಿದ ದ್ವಾರಪಾಲಕರಿದ್ದು, ನಾಯಕರನ್ನೂ ಕಾರ್ಯವುಳ್ಳವರನ್ನೂ ಮಾತ್ರ ಒಳಕ್ಕೆ ಬಿಡುತ್ತಿದ್ದರು. ಒಂದು ಬಾಗಿಲನ್ನು ದಾಟಿ ಅಂಗಳ, ಮತ್ತೊಂದನ್ನು ದಾಟಿ ಇನ್ನೂ ವಿಶಾಲವಾದ ಅಂಗಳ. ಸುತ್ತಲೂ ಮೊಗಸಾಲೆಗಳು. ಅಲ್ಲಿ ನಾಯಕರೂ ಗಣ್ಯರೂ ಕುಳಿತು ನೋಡುವರು. ಎದುರಿಗೆ ಪಾಯೆಸನು ವಿಜಯಗೃಹವೆಂದು ಕರೆದ ಕಟ್ಟಡ. ಒಡ್ಡಿಯ ದೇಶದ ಯುದ್ಧದಿಂದ ಮರಳಿದ ಮೇಲೆ ಅರಸನು ಅದನ್ನು ಮಾಡಿಸಿದನೆಂದು ಅವನಿಗೆ ತಿಳಿಸಿದ್ದರು. ಹಂಪೆಯಲ್ಲಿ ಈಗ ಮಹಾನವಮಿದಿಬ್ಬವೆಂದು ಕರೆಯುವ ಎತ್ತರವಾದ ಜಗತಿಯನ್ನು ವಿದ್ವಾಂಸರು ಇದರೊಡನೆ ಹೊಂದಿಸಿದ್ದಾರೆ. ಜಗತಿಯ ಕೆಳಗಿನ ಪಾರ್ಶ್ವಗಳಲ್ಲಿರುವ ಆನೆ, ಕುದುರೆ, ಬೇಟೆ, ನೃತ್ಯಗಳ ಶಿಲ್ಪಗಳು ಕೃಷ್ಣದೇವರಾಯನಿಗಿಂತ ಪ್ರಾಚೀನವಾಗಿ ಕಾಣುವುದರಿಂದ, ಅವನು ಇದ್ದುದನ್ನೇ ವಿಸ್ತರಿಸಿ ಮೇಲೆ ಹೊಸ ಮಂಟಪವನ್ನು ಕಟ್ಟಿಸಿರಬೇಕೆಂದು ಊಹಿಸುವುದು ಯುಕ್ತ.

ಬೆಳಗಿನಲ್ಲಿ ಅರಸನು ಬಂದು ದೇವಿಯ ವಿಗ್ರಹವಿರುವ ಕೋಣೆಯನ್ನು ಬ್ರಾಹ್ಮಣರೊಡನೆ ಪ್ರವೇಶಿಸಿ ಪೂಜೆಯನ್ನು ನೆರವೇರಿಸುವನು. ಹೊರಗೆ ಆಪ್ತರು ನಿಂತಿರುವರು. ಅಂಗಳದಲ್ಲಿ ನರ್ತಕಿಯರು ಕುಣಿಯುತ್ತಿರುವರು. ಜಗತಿಯ ಬಳಿಯಲ್ಲಿ ಸಾಲಂಕೃತವಾದ ಹನ್ನೊಂದು ಕುದುರೆಗಳು, ಅವುಗಳ ಹಿಂದೆ ನಾಲ್ಕು ಆನೆಗಳು. ಪೂಜೆಯಾದ ಮೇಲೆ ಅರಸನು ಹೊರಬಂದಾಗ ಒಬ್ಬ ಬ್ರಾಹ್ಮಣನು ಬಿಳಿಯ ಹೂಗಳ ಬುಟ್ಟಿಯನ್ನು ಹಿಡಿದು ಸಮೀಪಿಸುವನು. ಅರಸನು ಮೂರು ಹಿಡಿ ಹೂಗಳನ್ನು ತೆಗೆದು ಕುದುರೆಗಳ ಮೇಲೆ ಎರಚಿ, ಸುಗಂಧದ್ರವ್ಯಗಳ ಬುಟ್ಟಿಯನ್ನು ಹಿಡಿದು ಅವುಗಳಿಗೆ ಧೂಪವನ್ನು ಅರ್ಪಿಸುವವನಂತೆ ಅಭಿನಯಿಸುವನು. ಆನೆಗಳಿಗೂ ಹಾಗೆಯೇ. ಅನಂತರ ಬ್ರಾಹ್ಮಣನು ಕೆಳಗಿಳಿದು ಪ್ರತಿಯೊಂದು ಕುದುರೆಯ ತಲೆಯ ಮೇಲೆ ಹೂವನ್ನಿಟ್ಟು ಹಿಂದಿರುಗುವನು.

ಅರಸನು ಮತ್ತೆ ದೇವಿಯ ಸನ್ನಿಧಿಗೆ ಹೋದಾಗ ತೆರೆಗಳನ್ನು ಮೇಲಕ್ಕೆತ್ತುವರು. ಅಲ್ಲಿ ಕುಳಿತು ಅವನು ಇಪ್ಪತ್ತುನಾಲ್ಕು ಕೋಣಗಳ ಮತ್ತು ನೂರೈವತ್ತು ಕುರಿಗಳ ಬಲಿಯನ್ನು ನೋಡುವನು. ಆಮೇಲೆ ಬ್ರಾಹ್ಮಣರು ನೆರೆದಿರುವ ಮತ್ತೊಂದು ಕಟ್ಟಡಕ್ಕೆ ಹೋಗುವನು. ಹತ್ತಿರದಲ್ಲಿರುವವರು ಅವನ ಮೇಲೆ ಹತ್ತು ಹನ್ನೆರಡು ಹೂಗಳನ್ನು ಎಸೆಯುವರು. ಕಟ್ಟಡದ ತುದಿಯವರೆಗೆ ನಡೆದು, ತಲೆಯ ಮೇಲಿನ ಕುಲಾವಿಯನ್ನು ತೆಗೆದು ನೆಲದಲ್ಲಿಟ್ಟು, ದೇವಿಯಿರುವೆಡೆಗೆ ಮರಳಿ, ನೆಲದ ಮೇಲೆ ಉದ್ದಕ್ಕೆ ಬೀಳುವನು. ಎದ್ದು ಒಳಗಿನ ಆವರಣವೊಂದಕ್ಕೆ ಹೋಗುವನು. ಅಲ್ಲಿ ಸಣ್ಣದೊಂದು ಅಗ್ನಿಯಿರುವುದೆಂದೂ, ಮಾಣಿಕ್ಯ ಮುತ್ತು ಮೊದಲಾದ ರತ್ನಗಳನ್ನೂ ಅಗರು ಮೊದಲಾದ ಸುಗಂಧಗಳನ್ನೂ ಸೇರಿಸಿದ ಚೂರ್ಣವನ್ನು ಅರಸನು ಅದರಲ್ಲಿ ಹಾಕುವನೆಂದೂ ಜನರು ಹೇಳುವರು. ಕೊನೆಗೆ ಹೂವನ್ನೆರಚಿದ ಸ್ಥಳದಲ್ಲಿಯೇ ನಿಂತು ನಾಯಕರ ನಮಸ್ಕಾರಗಳನ್ನೂ, ಇಚ್ಛೆಯಿದ್ದವರು ತಂದ ಕಾಣಿಕೆಗಳನ್ನೂ ಸ್ವೀಕರಿಸಿ ಅರಮನೆಯೊಳಕ್ಕೆ ಹೋಗುವನು. ನರ್ತಕಿಯರು ಬಹಳ ಹೊತ್ತು ದೇವಿಯ ಮುಂದೆ ಕುಣಿಯುತ್ತಲೇ ಇರುವರು. ಒಂಬತ್ತು ದಿನಗಳೂ ಬೆಳಗಿನ ಕ್ರಮವು ಇದೇ, ದಿನದಿನಕ್ಕೂ ವೈಭವವು ಹೆಚ್ಚು ಎಂದು ಪಾಯೆಸನು ಮುಗಿಸುತ್ತಾನೆ.

೩. ನೋಟ, ಕೇಳಿಕೆ, ಊಹೆ

ಪ್ರಮಾಣಶಾಸ್ತ್ರದ ದೃಷ್ಟಿಯಿಂದ ಈ ವರ್ಣನೆಯಲ್ಲಿ ಗಮನಾರ್ಹವಾದ ಗುಣವೊಂದಿದೆ. ಕುದುರೆಗಳ ಸಂಖ್ಯೆ, ಹೂವಿನ ಹಿಡಿಗಳ ಸಂಖ್ಯೆ, ಕುಲಾವಿಯನ್ನು ನೆಲದಲ್ಲಿಟ್ಟದ್ದು, ಇವನ್ನು ಪಾಯೆಸನು ತಾನೇ ಕಂಡವನಾಗಿ ಹೇಳುತ್ತಾನೆ. ಇವು ಪ್ರತ್ಯಕ್ಷ. ಒಳಗಿನ ಅಗ್ನಿಯ ಮಾತನ್ನು ಜನರು ಹೇಳುವರೆಂದು ಬೇರೆಮಾಡಿ ಹೇಳುತ್ತಾನೆ. ಇದು ಶಬ್ದ. ಧೂಪವನ್ನು ಅರ್ಪಿಸುವವನಂತೆ ಎಂಬಲ್ಲಿ ತನಗೆ ಪರಿಚಿತವಾದ ಕ್ರೈಸ್ತ ದೇವಾಲಯದ ಧೂಪವಿಧಿಯನ್ನು ನೆನೆದು ಹೋಲಿಸುತ್ತಾನೆ. ಇದು ಅನುಮಾನ. ಮೂರನ್ನೂ ಬೆರಸದೆ ಬರೆಯುವ ಲೇಖಕನು ಅಪರೂಪ. ತಪ್ಪುಗಳಿದ್ದರೆ ಅವು ಮೂರನೆಯ ವರ್ಗದಲ್ಲಿಯೇ ಇರುವ ಸಂಭವವು ಹೆಚ್ಚಾದುದರಿಂದ ಓದುಗನು ಅಲ್ಲಿ ಮಾತ್ರ ಎಚ್ಚರವಾಗಿರಬೇಕು.

ಬಿಳಿಯ ಹೂಗಳ ವಿಷಯವು ಇದಕ್ಕೆ ನಿದರ್ಶನ. ಮೂಲದಲ್ಲಿ ಅವನು ಗುಲಾಬಿ ಎಂಬರ್ಥದ ಶಬ್ದವನ್ನು ಪ್ರಯೋಗಿಸಿದ್ದಾನೆ. ದೇವೀಪೂಜೆಯಲ್ಲಿ ಗುಲಾಬಿಗೆ ಪ್ರಾಚೀನ ವಿಧಿಯಿಲ್ಲವಾದುದರಿಂದ ಇದು ಸೇವಂತಿಗೆಯೋ ಮಲ್ಲಿಗೆಯೋ ಆಗಿರಬೇಕೆಂದು ಹೇಳುವುದು ಸುಲಭ. ಆದರೆ ಅದಕ್ಕೆ ಸುಮಾರು ಎಂಬತ್ತು ವರ್ಷ ಮೊದಲೇ, ಗುಲಾಬಿಯನ್ನು ಚೆನ್ನಾಗಿ ಬಲ್ಲ ಪಾರಸೀಕ ದೇಶದಿಂದ ಬಂದ ಅಬ್ದುರ್ ರಜಾಕನು, ಈ ನಗರದಲ್ಲಿ ಎಲ್ಲೆಲ್ಲಿಯೂ ಗುಲಾಬಿಯನ್ನು ಮಾರುವರೆಂದೂ, ಇಲ್ಲಿನ ಜನರಿಗೆ ಅದು ಅನ್ನದಷ್ಟೇ ಆವಶ್ಯಕವೆಂದೂ ಬರೆದಿದ್ದಾನೆ. ಆದುದರಿಂದ ಪಾಯೆಸನ ಮಾತನ್ನು ತಿದ್ದುವುದಕ್ಕೆ ಆತುರಪಡಬಾರದು.

೪. ಶಾಸ್ತ್ರದೊಡನೆ ಸಮನ್ವಯ

ಪಾಯೆಸನಿಗೆ ತಿಳಿಯದೆ ಹೋದದ್ದು ಈ ಕ್ರಿಯೆಗಳ ಹೆಸರು. ಕುದುರೆಗಳನ್ನೂ ಆನೆಗಳನ್ನೂ ಪುಷ್ಪಧೂಪಗಳಿಂದ ಪೂಜಿಸುವ ಈ ಕರ್ಮಕ್ಕೆ ಶಾಸ್ತ್ರದಲ್ಲಿ ನೀರಾಜನವೆಂದು ಹೆಸರು. ಕೌಟಲ್ಯನ ಅರ್ಥಶಾಸ್ತ್ರದ ಅಶ್ವಾಧ್ಯಕ್ಷ ಪ್ರಕರಣದಲ್ಲಿ, ಆಶ್ವಯುಜದ ಒಂಬತ್ತನೆಯ ದಿನ ಕುದುರೆಗಳಿಗೆ ನೀರಾಜನವನ್ನು ಮಾಡಿಸಬೇಕೆಂದೂ, ದಂಡಯಾತ್ರೆಯ ಆದಿಯಲ್ಲಿಯೂ ಅಂತ್ಯದಲ್ಲಿಯೂ, ವ್ಯಾಧಿಯುಂಟಾದಾಗಲೂ ಅದನ್ನು ನೆರವೇರಿಸಬೇಕೆಂದೂ ವಿಧಿಸಿದೆ. ಮೈಸೂರಿನ ಪ್ರಾಚ್ಯಕೋಶಾಗಾರದಲ್ಲಿ ದೊರೆತ ಓಲೆಪ್ರತಿಯ ಆಧಾರದಿಂದ ಆರ್. ಶಾಮಶಾಸ್ತ್ರಿಗಳು ಈ ಗ್ರಂಥವನ್ನು ೧೯೦೯ರಲ್ಲಿ ಪ್ರಕಟಿಸುವುದಕ್ಕೆ ಮೊದಲು ಬರೆದ ಸಿವೆಲನಿಗೆ ಈ ವಾಕ್ಯದ ಸಹಾಯವು ದೊರೆಯಲಿಲ್ಲವೆಂಬುದನ್ನೂ ಇಲ್ಲಿ ನೆನೆಯಬೇಕು. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ನೀರಾಜನಕ್ಕೇ ಒಂದು ಅಧ್ಯಾಯವಿದೆ. ಆಶ್ವಯುಜ ಅಥವಾ ಕಾರ್ತಿಕದ ಶುಕ್ಲಪಕ್ಷದಲ್ಲಿ ಅಷ್ಟಮಿ, ದ್ವಾದಶಿ ಅಥವಾ ಪೂರ್ಣಿಮೆ ಇದಕ್ಕೆ ಯೋಗ್ಯವಾದ ತಿಥಿಗಳು. ನಗರದ ಈಶಾನ್ಯದಲ್ಲಿ ತೋರಣವನ್ನು ಕಟ್ಟಿ, ಶಾಂತಿಗೃಹವನ್ನು ನಿರ್ಮಿಸಿ, ಹೋಮಮಾಡಿ, ಅಗ್ನಿಯ ಜ್ವಾಲೆಯಿಂದಲೂ ಕುದುರೆಯ ಚೇಷ್ಟೆಗಳಿಂದಲೂ ಜಯಾಪಜಯಗಳ ಶಕುನವನ್ನು ನೋಡಿ, ಶತ್ರುವಿನ ಮೃಣ್ಮಯ ಪ್ರತಿಮೆಯನ್ನು ಪುರೋಹಿತನು ಶೂಲದಿಂದ ಭೇದಿಸಿದ ಮೇಲೆ ಅರಸನು ಕುದುರೆಯನ್ನೇರಿ ಸೈನ್ಯದೊಡನೆ ಹೊರಡಬೇಕೆಂಬುದು ಅಲ್ಲಿನ ಕ್ರಮ. ಕಾಳಿದಾಸನು ರಘುವಂಶದ ನಾಲ್ಕನೆಯ ಸರ್ಗದಲ್ಲಿ ಶರತ್ಕಾಲವನ್ನು ವರ್ಣಿಸಿ, ರಘುವಿನ ದಿಗ್ವಿಜಯಕ್ಕೆ ಪೂರ್ವಾಂಗವಾಗಿ ವಾಜಿನೀರಾಜನವನ್ನೇ ಇಟ್ಟಿರುವುದು ಸಾಹಿತ್ಯೋಪಾಧ್ಯಾಯರಿಗೆ ಪರಿಚಿತವಾದುದು.

ಇದನ್ನು ಮನಸ್ಸಿನಲ್ಲಿಟ್ಟು ನೋಡಿದರೆ ಪಾಯೆಸನು ಬಿಡಿಬಿಡಿಯಾಗಿ ಕಂಡ ಸಂಗತಿಗಳು ಒಂದು ಸೂತ್ರದಲ್ಲಿ ಪೋಣಿಸಿದಂತಾಗುತ್ತವೆ. ಮಳೆಗಾಲದಲ್ಲಿ ದಾರಿಗಳು ಕೆಸರಾಗಿ ಹೊಳೆಗಳು ತುಂಬಿ ಸೈನ್ಯದ ಸಂಚಾರವು ನಿಂತಿರುವುದು. ಶರತ್ತಿನಲ್ಲಿ ದಾರಿಯು ಒಣಗುವುದು. ಆಗ ಹೊರಡಬೇಕಾದ ಚತುರಂಗಕ್ಕೆ ಶಾಂತಿಯನ್ನೂ ಆಯುಧಗಳಿಗೆ ಪೂಜೆಯನ್ನೂ ಮಾಡುವುದೇ ಈ ಕರ್ಮದ ಪ್ರಯೋಜನ. ಬ್ರಾಹ್ಮಣರು ಅರಸನ ಮೇಲೆ ಹೂವನ್ನೆಸೆದುದು ಮಂತ್ರಪುಷ್ಪದ ಆಶೀರ್ವಾದ. ಕುಲಾವಿಯನ್ನಿಟ್ಟು ಉದ್ದಕ್ಕೆ ಬಿದ್ದುದು ಸಾಷ್ಟಾಂಗನಮಸ್ಕಾರ. ಒಳಗಿನ ಆವರಣದ ಅಗ್ನಿಯು ಹೋಮಕುಂಡ, ರತ್ನಸುಗಂಧಗಳ ಪ್ರಕ್ಷೇಪವು ಆಹುತಿ. ಪಾಯೆಸನು ಇದನ್ನು ಕೇಳಿ ಮಾತ್ರ ತಿಳಿದನಾದರೂ, ನೀರಾಜನಕ್ಕೆ ಹೋಮವು ಅಂಗವೆಂದು ಶಾಸ್ತ್ರವು ಹೇಳುವುದರಿಂದ ಆ ಕೇಳಿಕೆಯು ಆಪ್ತವಾಕ್ಯವೆಂದೇ ಗ್ರಾಹ್ಯವಾಗುತ್ತದೆ.

ಅಪರಾಹ್ಣದ ಒಂದು ಸಂಗತಿಯು ಇದನ್ನು ಮತ್ತಷ್ಟು ದೃಢಪಡಿಸುವುದು. ಆಗ ಕುದುರೆಗಳನ್ನು ಅರಸನಿಗೆ ಎದುರಾಗಿ ಐದಾರು ಸಾಲುಗಳಲ್ಲಿ ನಿಲ್ಲಿಸುವರು. ಪ್ರಧಾನ ಬ್ರಾಹ್ಮಣನು ತೆಂಗಿನಕಾಯಿ, ಅಕ್ಕಿ, ಹೂಗಳಿರುವ ಪಾತ್ರೆಯನ್ನು ಹಿಡಿದು, ನೀರಿನ ಕಲಶವನ್ನು ಹಿಡಿದವರೊಡನೆ ಅವುಗಳ ಸುತ್ತ ಬರುವನು. ಅನಂತರ ಅಂತಃಪುರದಿಂದ ಸ್ತ್ರೀಯರು ಉರಿಯುವ ದೀಪಗಳಿರುವ ಚಿನ್ನದ ಪಾತ್ರೆಗಳನ್ನು ಹಿಡಿದು ಕುದುರೆಗಳಿಗೆ ಮೂರು ಸುತ್ತು ಬಂದು ಒಳಕ್ಕೆ ಹೋಗುವರು. ನೀರಾಜನ ಶಬ್ದಕ್ಕೆ ವ್ಯುತ್ಪತ್ತಿಯನ್ನು ಎರಡು ಬಗೆಯಾಗಿ ಹೇಳುವುದುಂಟು. ನೀರನ್ನು ಪ್ರೋಕ್ಷಿಸುವುದೆಂದು ಒಂದು, ಚೆನ್ನಾಗಿ ಬೆಳಗಿಸುವುದೆಂದು ಇನ್ನೊಂದು. ಪಾಯೆಸನ ಕಣ್ಣಿಗೆ ಎರಡೂ ಬಿದ್ದಿವೆ. ವ್ಯಾಕರಣದಲ್ಲಿ ವಿವಾದಕ್ಕೆ ವಿಷಯವಾದುದು ಪ್ರಯೋಗದಲ್ಲಿ ಒಂದಾಗಿರುವುದನ್ನು ಪರದೇಶಿಯ ಸಾಕ್ಷ್ಯದಿಂದ ತಿಳಿಯುವಂತಾಯಿತು. ಕನ್ನಡದ ನಿವಾಳಿಸು ಎಂಬ ಕ್ರಿಯಾಪದವು ಇಂದಿಗೂ ಮನೆಮನೆಯಲ್ಲಿ ಇದೇ ಭಾವವನ್ನು ಉಳಿಸಿಕೊಂಡಿದೆ.

೫. ವಿರೋಧಗಳು

ಸಾಕ್ಷಿಗಳು ಎಲ್ಲೆಡೆಯೂ ಒಂದೇ ಮಾತನ್ನಾಡುವುದಿಲ್ಲ. ಬಲಿಯ ಸಂಖ್ಯೆಯಲ್ಲಿ ಪೋರ್ತುಗೀಸರಿಬ್ಬರಿಗೂ ಭೇದವಿದೆ. ಪ್ರತಿದಿನ ಇಪ್ಪತ್ತುನಾಲ್ಕು ಕೋಣ, ನೂರೈವತ್ತು ಕುರಿ, ಕೊನೆಯ ದಿನ ೨೫೦ ಕೋಣ, ೪,೫೦೦ ಕುರಿ ಎಂದು ಪಾಯೆಸನ ಲೆಕ್ಕ. ಮೊದಲ ದಿನ ಒಂಬತ್ತು ಕೋಣ, ಒಂಬತ್ತು ಕುರಿ, ಒಂಬತ್ತು ಆಡು, ಅಲ್ಲಿಂದ ಮುಂದೆ ಪ್ರತಿದಿನವೂ ಇಮ್ಮಡಿ ಎಂದು ನ್ಯೂನಿಜನ ಲೆಕ್ಕ. ಈ ಇಮ್ಮಡಿಯನ್ನು ಅಕ್ಷರಶಃ ಗುಣಿಸಿದರೆ ಒಂಬತ್ತನೆಯ ದಿನ ಒಂದೊಂದು ಜಾತಿಯಲ್ಲಿ ೨,೩೦೪ರಂತೆ ಒಟ್ಟು ೬,೯೧೨ ಆಗುತ್ತದೆ. ಕೋಣಗಳ ಸಂಖ್ಯೆಯು ಪಾಯೆಸನು ಹೇಳಿದುದರ ಒಂಬತ್ತರಷ್ಟಾಗುವುದು. ನ್ಯೂನಿಜನ ಮಾತಿನಲ್ಲಿ ನವಸಂಖ್ಯೆಯ ಮಹತ್ತ್ವವೂ, ದಿನದಿನಕ್ಕೆ ಹೆಚ್ಚುವ ಕ್ರಮವೂ ಕಾಣುವುದರಿಂದ, ಅವನು ವಿಧಿಯನ್ನು ಯಾರಿಂದಲೋ ಕೇಳಿ ಬರೆದನೆಂದೂ, ಪಾಯೆಸನು ನಡೆದುದನ್ನು ನೋಡಿ ಬರೆದನೆಂದೂ ಭಾವಿಸಬಹುದು. ಈ ಬಲಿಯ ವಿಷಯವನ್ನು ಪಾಠದಲ್ಲಿ ಮರೆಮಾಡುವ ಪ್ರವೃತ್ತಿಯೂ ಉಂಟು. ಅದು ಸರಿಯಲ್ಲ. ಸಾಕ್ಷಿಯ ಮಾತಿನಲ್ಲಿ ರುಚಿಸಿದುದನ್ನು ಮಾತ್ರ ಸ್ವೀಕರಿಸಿದರೆ ಅವನ ಪ್ರಾಮಾಣ್ಯವೇ ಕೆಡುವುದು.

ಎರಡನೆಯ ವಿರೋಧವು ಅಬ್ದುರ್ ರಜಾಕನದು. ಅವನು ತಾನು ಕಂಡ ಉತ್ಸವಕ್ಕೆ ಮಹಾನವಮಿಯೆಂದೇ ಹೆಸರು ಕೊಡುತ್ತಾನೆ. ಕವಚವನ್ನು ತೊಡಿಸಿದ ಸಾವಿರ ಆನೆಗಳು, ಎರಡರಿಂದ ಐದು ಅಂತಸ್ತಿನವರೆಗೆ ಎತ್ತರವಾಗಿ ಚಿತ್ರಗಳಿಂದ ತುಂಬಿದ ಮಂಟಪಗಳು, ಅವುಗಳಲ್ಲಿ ತಿರುಗುವಂತೆ ರಚಿಸಿದ ಕೆಲವು, ಒಂಬತ್ತು ಅಂತಸ್ತಿನ ಸೌಧದ ಮೇಲೆ ಅರಸನ ಸಿಂಹಾಸನ, ಏಳನೆಯ ಅಂತಸ್ತಿನಲ್ಲಿ ತನಗೆ ಆಸನ, ಹೀಗೆ ಅವನ ವರ್ಣನೆ. ಆದರೆ ಅವನು ಹೇಳುವ ಕಾಲವು ರಜಬ್ ಮಾಸದ ಪೂರ್ಣಿಮೆ, ಉತ್ಸವದ ಅವಧಿ ಮೂರು ದಿನ. ಹಿಜರಿ ೮೪೭ರ ರಜಬ್ ಮಾಸವು ೧೪೪೩ರ ಅಕ್ಟೋಬರ್ ಕೊನೆಯ ವಾರದಲ್ಲಿ ಆರಂಭವಾಗುತ್ತದೆ. ಅದರ ಪೂರ್ಣಿಮೆಯು ನವೆಂಬರ್ ೭ರ ಸುಮಾರಿಗೆ ಬೀಳುತ್ತದೆ. ಇದು ಕಾರ್ತಿಕ ಪೂರ್ಣಿಮೆ. ಆ ವರ್ಷದ ಆಶ್ವಯುಜ ನವಮಿಯಾದರೋ ಒಂದು ತಿಂಗಳಿಗೂ ಹಿಂದೆಯೇ ಕಳೆದಿತ್ತು. ಹೆಸರಿಗೂ ದಿನಕ್ಕೂ ಹೊಂದಿಕೆಯಿಲ್ಲವೆಂಬುದನ್ನು ಸಿವೆಲನೂ ಗುರುತಿಸಿದ್ದನು.

ರಾಯಭಾರಿಯು ತಿಂಗಳನ್ನು ಮರೆತು ಬರೆದನೆಂದು ಹೇಳಿಬಿಡುವುದು ಒಂದು ಪಕ್ಷ. ಇನ್ನೊಂದು ಪಕ್ಷಕ್ಕೂ ಅವಕಾಶವುಂಟು. ಪೂರ್ವೋಕ್ತ ಬೃಹತ್ಸಂಹಿತೆಯ ವಿಧಿಯಲ್ಲಿ ನೀರಾಜನಕ್ಕೆ ಕಾರ್ತಿಕ ಪೂರ್ಣಿಮೆಯೂ ಒಂದು ಕಾಲ. ಆನೆಗಳನ್ನು ಕವಚಸಹಿತವಾಗಿ ಸಾಲುಗೂಡಿಸಿ, ನಾಯಕರನ್ನೆಲ್ಲ ದೂರದೂರದಿಂದ ಕರೆಸಿ ನಡೆಸಿದ ಮೂರು ದಿನಗಳ ಆ ಉತ್ಸವವು ಕಾರ್ತಿಕದ ನೀರಾಜನವಾಗಿದ್ದು, ಜನರ ಬಾಯಲ್ಲಿ ಹೆಚ್ಚು ರೂಢವಾಗಿದ್ದ ಮಹಾನವಮಿಯ ಹೆಸರು ಅದಕ್ಕೂ ಸೇರಿದ್ದಿರಬಹುದು. ಇದನ್ನು ಸಿದ್ಧಾಂತವೆಂದು ಹೇಳುವಂತಿಲ್ಲ. ಆದರೆ ಸಾಕ್ಷಿಯು ತಪ್ಪಿದನೆಂದು ತೀರ್ಮಾನಿಸುವುದಕ್ಕೆ ಮೊದಲು ಶಾಸ್ತ್ರದಲ್ಲಿ ಅವನ ಮಾತಿಗೆ ಎಡೆಯಿದೆಯೇ ಎಂದು ನೋಡುವುದು ನ್ಯಾಯವಾದ ಮಾರ್ಗ.

೬. ಬೀದಿಯ ಹಬ್ಬ

ಇಲ್ಲಿಯವರೆಗೆ ವಿಚಾರಿಸಿದುದು ಅರಮನೆಯ ಅಂಗಳ. ಬೀದಿಯಲ್ಲಿ ನಡೆದುದೇನು? ಒಂಬತ್ತು ದಿನಗಳು ಕಳೆದ ಮೇಲೆ ಅರಸನು ಸೈನ್ಯವನ್ನು ಪರೀಕ್ಷಿಸುವನು. ನಗರದಿಂದ ಒಂದು ಹರದಾರಿಯಷ್ಟು ದೂರದಲ್ಲಿ ಮಖಮಲ್ಲಿನ ಗುಡಾರವನ್ನು ಹಾಕಿಸಿ, ಅದರಲ್ಲಿ ದೇವಿಯ ವಿಗ್ರಹವನ್ನಿರಿಸುವರು. ಅರಮನೆಯಿಂದ ಆ ಗುಡಾರದವರೆಗೆ ದಾರಿಯ ಎರಡು ಕಡೆಯಲ್ಲಿಯೂ ನಾಯಕರು ತಮ್ಮ ತಮ್ಮ ಪರಿವಾರಗಳೊಡನೆ ಅಂತಸ್ತಿಗೆ ತಕ್ಕಂತೆ ನಿಲ್ಲುವರು. ಚಿನ್ನದ ಹೂಗಳನ್ನು ಕಸೂತಿಮಾಡಿದ ಬಿಳಿಯ ವಸ್ತ್ರವನ್ನು ಧರಿಸಿ ಅರಸನು ಕುದುರೆಯ ಮೇಲೆ ಸಾಗುವಾಗ ಸೈನಿಕರ ಘೋಷ, ಗುರಾಣಿಗಳ ಬಡಿತ, ಕುದುರೆಗಳ ಹೇಷಾರವ, ಆನೆಗಳ ಬೃಂಹಿತಗಳಿಂದ ಬೆಟ್ಟಕಣಿವೆಗಳು ನಡುಗುವಂತಾಯಿತೆಂದೂ, ತಾನು ಕಾಣುತ್ತಿರುವುದು ಕನಸೋ ಎಂಬ ಭ್ರಾಂತಿಯುಂಟಾಯಿತೆಂದೂ ಪಾಯೆಸನು ಹೇಳಿಕೊಂಡಿದ್ದಾನೆ. ಒಂಬತ್ತು ದಿನ ಎಣಿಕೆಯನ್ನು ತಪ್ಪದೆ ಬರೆದವನು ಇಲ್ಲಿ ಎಣಿಕೆಯನ್ನು ಬಿಟ್ಟು ಬೆರಗಾಗಿದ್ದಾನೆ.

ಹಿಂದಿರುಗುವುದಕ್ಕೆ ಮೊದಲು ಅರಸನು ಮೂರು ಬಾಣಗಳನ್ನು ಬಿಡುವನು. ಒಂದು ಬಿಜಾಪುರದ ಆದಿಲಶಾಹನ ದಿಕ್ಕಿಗೆ, ಇನ್ನೊಂದು ಗೋಲಕೊಂಡದ ದಿಕ್ಕಿಗೆ, ಮತ್ತೊಂದು ಪೋರ್ತುಗೀಸರ ದಿಕ್ಕಿಗೆ. ಯಾವ ಬಾಣವು ಹೆಚ್ಚು ದೂರ ಹೋಗುವುದೋ ಆ ದಿಕ್ಕಿನಲ್ಲಿ ಯುದ್ಧವು ನಡೆಯುವುದೆಂದು ಸಂಪ್ರದಾಯವಿತ್ತಂತೆ. ಶತ್ರುಪ್ರತಿಮೆಯನ್ನು ಶೂಲದಿಂದ ಭೇದಿಸುವ ಬೃಹತ್ಸಂಹಿತೆಯ ವಿಧಿಗೂ, ವಿಜಯದಶಮಿಯ ಸೀಮೋಲ್ಲಂಘನಕ್ಕೂ ಇದರ ಸಂಬಂಧವು ಸ್ಪಷ್ಟ. ಅತಿಥಿಗಳಾಗಿ ಬಂದು ಒಳ್ಳೆಯ ಆಸನದಲ್ಲಿ ಕುಳಿತು ಹಬ್ಬವನ್ನು ನೋಡಿದ ಪೋರ್ತುಗೀಸರ ನಾಡಿನ ಕಡೆಗೂ ಒಂದು ಬಾಣವು ಹಾರಿದುದನ್ನು ಪಾಯೆಸನು ಯಾವ ಅಸಮಾಧಾನವೂ ಇಲ್ಲದೆ ಬರೆದಿರುವುದು ಅವನ ನಿಷ್ಪಕ್ಷಪಾತಕ್ಕೆ ಮತ್ತೊಂದು ಗುರುತು.

ಜನಸಾಮಾನ್ಯರ ಬೀದಿಯನ್ನು ಕಂಡವನು ಕೊಂತಿ. ಒಂಬತ್ತು ದಿನಗಳ ಹಬ್ಬದಲ್ಲಿ ಹೆದ್ದಾರಿಗಳಲ್ಲೆಲ್ಲ ಹಡಗಿನ ಪಟಸ್ತಂಭದಂತಹ ಎತ್ತರವಾದ ಕಂಬಗಳನ್ನು ನೆಟ್ಟು, ಜರತಾರಿ ವಸ್ತ್ರಗಳಿಂದ ಸಿಂಗರಿಸಿ, ಪ್ರತಿದಿನವೂ ಅವುಗಳ ತುದಿಯಲ್ಲಿ ಒಬ್ಬೊಬ್ಬ ಸಾಧುವನ್ನು ಕುಳ್ಳಿರಿಸುವರೆಂದೂ, ಜನರು ಕಿತ್ತಿಳೆ ನಿಂಬೆ ಮೊದಲಾದ ಪರಿಮಳದ ಹಣ್ಣುಗಳಿಂದ ಅವನನ್ನು ಹೊಡೆಯುವರೆಂದೂ, ಅವನು ಎಲ್ಲವನ್ನೂ ಸಹಿಸಿ ದೇವರನ್ನು ಪ್ರಾರ್ಥಿಸುವನೆಂದೂ ಅವನ ವರ್ಣನೆ. ನವರಾತ್ರದ ಶಾಸ್ತ್ರವಿಧಿಯಲ್ಲಿ ಇದಕ್ಕೆ ಸ್ಥಾನವಿಲ್ಲ. ಇದು ಗ್ರಾಮಸಂಪ್ರದಾಯವಾಗಿರಬೇಕು. ಬೇರೊಂದು ಮೂರು ದಿನಗಳ ಹಬ್ಬದಲ್ಲಿ ದಾರಿಯ ಬದಿಗಳಲ್ಲಿ ಕುಂಕುಮಕೇಸರಿಯ ನೀರನ್ನಿಟ್ಟು, ಹೋಗಿಬರುವವರ ಮೇಲೆಲ್ಲ ಎರಚುವರೆಂದೂ, ಅರಸ ಅರಸಿಯರನ್ನೂ ಬಿಡುವುದಿಲ್ಲವೆಂದೂ, ಎಲ್ಲರೂ ನಕ್ಕು ಸಹಿಸುವರೆಂದೂ ಅವನು ಹೇಳುತ್ತಾನೆ. ಇದು ವಸಂತೋತ್ಸವ. ಮಹಾನವಮಿದಿಬ್ಬದ ಶಿಲ್ಪಗಳಲ್ಲಿಯೂ ಓಕುಳಿಯ ದೃಶ್ಯವಿರುವುದರಿಂದ ಕೊಂತಿಯ ಮಾತು ಕಲ್ಪಿತವಲ್ಲ. ಅಂಗಳದಲ್ಲಿ ಕುಲಾವಿಯನ್ನು ತೆಗೆದು ದೇವಿಗೆ ಬಾಗುವ ಅರಸನು ಬೀದಿಯಲ್ಲಿ ಪ್ರಜೆಗಳ ಓಕುಳಿಗೂ ಮೈಯೊಡ್ಡುತ್ತಿದ್ದನೆಂಬುದು ಇವೆರಡು ಸಾಕ್ಷ್ಯಗಳನ್ನು ಒಟ್ಟಿಗೆ ಓದಿದಾಗ ತಿಳಿಯುತ್ತದೆ.

೭. ಅನುವೃತ್ತಿ

೧೫೬೫ರ ಜನವರಿಯ ಯುದ್ಧದಿಂದ ವಿಜಯನಗರವು ಹಾಳಾಯಿತು. ಮಹಾನವಮಿಯು ಹಾಳಾಗಲಿಲ್ಲ. ೧೬೧೦ರಲ್ಲಿ ಶ್ರೀರಂಗಪಟ್ಟಣವನ್ನು ಪಡೆದ ರಾಜ ಒಡೆಯರು ಅದೇ ವರ್ಷ ಅಲ್ಲಿ ಉತ್ಸವವನ್ನು ಆರಂಭಿಸಿದರು. ಕಂಠೀರವ ನರಸರಾಜ ಒಡೆಯರ ಕಾಲದ ಮಹಾನವಮಿಯನ್ನು ಗೋವಿಂದವೈದ್ಯನು ತನ್ನ ಕಂಠೀರವ ನರಸರಾಜ ವಿಜಯವೆಂಬ ಸಾಂಗತ್ಯಕಾವ್ಯದಲ್ಲಿ ವಿಸ್ತಾರವಾಗಿ ವರ್ಣಿಸಿದ್ದಾನೆ. ೧೬೪೮ರ ಈ ಕೃತಿಯನ್ನು ಪಾಯೆಸನ ಗದ್ಯದೊಡನೆ ಹೋಲಿಸಿ ಪಾಠಮಾಡುವುದು ಬಹಳ ಪ್ರಯೋಜನಕರ. ಕವಿಗೆ ವಿಧಿಯ ಅರ್ಥವು ತಿಳಿದೇ ಇರುವುದರಿಂದ ಅವನು ಅದನ್ನು ವಿವರಿಸದೆ ಅಲಂಕರಿಸುತ್ತಾನೆ. ಪರದೇಶಿಗೆ ಅರ್ಥವು ತಿಳಿಯದುದರಿಂದ ಅವನು ಅಲಂಕರಿಸದೆ ಎಣಿಸುತ್ತಾನೆ. ಒಬ್ಬನಲ್ಲಿ ಬಿಟ್ಟುಹೋದುದು ಇನ್ನೊಬ್ಬನಲ್ಲಿ ದೊರೆಯುವುದು.

ಪಾಯೆಸನು ಹೇಳಿದ ಇನ್ನೊಂದು ಸಂಗತಿಯು ಇಲ್ಲಿ ಸ್ಮರಣೀಯ. ಸಾಲಿನಲ್ಲಿ ಒಂದು ಕುದುರೆಗೆ ಅರಸನ ಛತ್ರಿಗಳ ಮರ್ಯಾದೆಯುಂಟು. ಅರಸರು ಪಟ್ಟಕ್ಕೆ ಬರುವಾಗ ಪ್ರತಿಜ್ಞೆಮಾಡುವುದು ಆ ಕುದುರೆಯ ಮೇಲೆ. ಅದು ಸತ್ತರೆ ಅದರ ಸ್ಥಾನದಲ್ಲಿ ಮತ್ತೊಂದನ್ನು ಇಡುವರು. ಕುದುರೆಯನ್ನು ಒಲ್ಲದ ಅರಸನಿಗೆ ಹಾಗೆಯೇ ಸಾಕಿದ ಆನೆಯೊಂದಿರುವುದು. ಇಂಗ್ಲಿಷ್ ಓದುಗರಿಗೆ ಇದು ವಿಚಿತ್ರವಾಗಿ ಕಂಡಿರಬಹುದು. ಕನ್ನಡಿಗನಿಗೆ ಇದು ಪಟ್ಟದ ಕುದುರೆ, ಪಟ್ಟದ ಆನೆ. ಮೈಸೂರು ಅರಮನೆಯಲ್ಲಿ ಆಯುಧಪೂಜೆಯ ಬೆಳಗ್ಗೆ ಪಟ್ಟದ ಆನೆ, ಪಟ್ಟದ ಕುದುರೆ, ಪಟ್ಟದ ಹಸುಗಳಿಗೆ ಈಗಲೂ ಪೂಜೆ ಸಲ್ಲುತ್ತದೆ. ೧೯೭೧ರಲ್ಲಿ ರಾಜಧನವು ರದ್ದಾದ ಮೇಲೆ ದಶಮಿಯ ಅಂಬಾರಿಯಲ್ಲಿ ಅರಸರ ಸ್ಥಾನಕ್ಕೆ ಚಾಮುಂಡೇಶ್ವರಿಯ ಮೂರ್ತಿಯು ಬಂದಿದೆ. ಸಂಜೆಯ ವೈಭವದ ರೂಪವು ಹೀಗೆ ಕಾಲಕಾಲಕ್ಕೆ ಬದಲಾಯಿಸಿತು. ಬೆಳಗಿನ ವಿಧಿಯ ಸಾರವು ನಾಲ್ಕು ರಾಜಧಾನಿಗಳ ಉದಯಾಸ್ತಗಳನ್ನು ಕಂಡರೂ ಉಳಿದುಬಂದಿದೆ.

೮. ಉಪಸಂಹಾರ

ಮೇಲಣ ವಿಚಾರದಿಂದ ಮೂರು ಅಂಶಗಳು ಸಿದ್ಧಿಸುತ್ತವೆ. ಮಹಾನವಮಿಯ ಪ್ರಧಾನ ಭಾಗವು ಬೆಳಗಿನ ದೇವೀಪೂಜೆ ಮತ್ತು ಚತುರಂಗದ ನೀರಾಜನ. ನಾಯಕರ ನಮಸ್ಕಾರವೂ ಕಾಣಿಕೆಯೂ ಆ ವಿಧಿಯ ಕೊನೆಯಲ್ಲಿ ಬರುವ ಅಂಗಗಳು, ಅದರಲ್ಲಿಯೂ ಬೆಳಗಿನ ಕಾಣಿಕೆಯು ಇಚ್ಛೆಗೆ ಬಿಟ್ಟುದು. ಆದುದರಿಂದ ಅದನ್ನು ಕಪ್ಪದ ಒಡ್ಡೋಲಗವೆಂದು ಮಾತ್ರ ಹೇಳುವುದು ಅಂಗವನ್ನೇ ಅಂಗಿಯೆಂದು ಹೇಳಿದಂತೆ. ಎರಡನೆಯದಾಗಿ, ವಿದೇಶೀಯರ ಬರಹವನ್ನು ಅಜ್ಞರ ಮಾತೆಂದು ತಳ್ಳುವುದೂ, ಪ್ರಶಂಸಾಪತ್ರವೆಂದು ಹಿಗ್ಗುವುದೂ ಎರಡೂ ಓದಿನ ದೋಷಗಳು. ಅವರ ನೋಟ, ಕೇಳಿಕೆ, ಊಹೆಗಳನ್ನು ಬೇರ್ಪಡಿಸಿ ಸ್ವೀಕರಿಸಬೇಕು. ಮೂರನೆಯದಾಗಿ, ಶಾಸ್ತ್ರವು ಆಗಬೇಕಾದುದನ್ನು ಹೇಳುತ್ತದೆ, ಸಾಕ್ಷಿಯು ಆದುದನ್ನು ಹೇಳುತ್ತಾನೆ. ಕೌಟಲ್ಯ ವರಾಹಮಿಹಿರರ ವಿಧಿಯು ಸಾವಿರ ವರ್ಷಗಳಿಗೂ ಹೆಚ್ಚು ಕಾಲದ ಮೇಲೆ ಕನ್ನಡನಾಡಿನ ಅಂಗಳದಲ್ಲಿ ನಡೆಯುತ್ತಿತ್ತೆಂಬುದಕ್ಕೆ, ಅವರ ಹೆಸರನ್ನೇ ಕೇಳದ ಪೋರ್ತುಗೀಸನೊಬ್ಬನ ದಿನಚರಿಯು ಪ್ರಮಾಣವಾಗಿ ನಿಂತಿದೆ.

ಶಾಸ್ತ್ರವನ್ನು ಓದಿದವರು ಪ್ರವಾಸಿಗಳನ್ನು ಓದದೆಯೂ, ಪ್ರವಾಸಿಗಳನ್ನು ಓದಿದವರು ಶಾಸ್ತ್ರವನ್ನು ಓದದೆಯೂ ಇರುವುದರಿಂದ ಈ ವಿಷಯವು ಬಹುಕಾಲ ಇಬ್ಭಾಗವಾಗಿ ಉಳಿದಿದೆ. ನವರಾತ್ರದ ಇತರ ಅಂಗಗಳನ್ನೂ, ವಿಶೇಷವಾಗಿ ಶಮೀಪೂಜೆ ಮತ್ತು ಸೀಮೋಲ್ಲಂಘನಗಳನ್ನು, ಶಾಸನಗಳ ಮತ್ತು ಸ್ಥಳೀಯ ಕೈಫಿಯತ್ತುಗಳ ಸಹಾಯದಿಂದ ಇದೇ ಕ್ರಮದಲ್ಲಿ ಪರಿಶೀಲಿಸುವುದು ವಿದ್ವಾಂಸರಿಗೆ ಉಚಿತವಾದ ಕಾರ್ಯ.